ಕಪಿಲಾ ತೀರದ ಅಡಿಗೆ

ಪಾಕವೆಂಬ ಶಬ್ದವನ್ನು ಮೂವತ್ತು ವರುಷಗಳಿಗೂ ಮೇಲ್ಪಟ್ಟು ನಾವು ಹುಡುಗರಿಗೆ ಪಾಠ ಹೇಳಿದವರು. ಪಚ್ ಧಾತುವಿಗೆ ಘಞ್ ಪ್ರತ್ಯಯವು ಹತ್ತಿ, ಚಕಾರವು ಕಕಾರವಾಗಿ, ಪಾಕವೆಂಬ ರೂಪವು ಸಿದ್ಧಿಸುವುದನ್ನು ಕರಿಯ ಹಲಗೆಯ ಮೇಲೆ ಬರೆದು ತೋರಿಸುವುದರಲ್ಲಿ ನಮಗೆ ಎಂದೂ ತಡೆಯುಂಟಾದುದಿಲ್ಲ. ಆದರೆ ಕಳೆದ ಮಾಘಮಾಸದಲ್ಲಿ ನಮ್ಮ ಸೊಸೆಯು, "ಮಾವ, ಅತ್ತೆಯವರು ಸಾರಿನ ಪುಡಿಗೆ ಏನೇನು ಹಾಕುತ್ತಿದ್ದರು?" ಎಂದು ಕೇಳಿದಾಗ ನಾವು ನಿರುತ್ತರರಾದೆವು.

ನಮ್ಮ ಮನೆಯಾಕೆ ತೀರಿಕೊಂಡು ಎರಡು ವರುಷಗಳಾದುವು. ಆಕೆ ಮಾಡಿಟ್ಟಿದ್ದ ಪುಡಿಯು ಡಬ್ಬಿಯಲ್ಲಿ ಆರು ತಿಂಗಳವರೆಗೆ ಬಂದಿತು. ತರುವಾಯ ಅಂಗಡಿಯ ಪುಡಿಯನ್ನು ತಂದೆವು. ಅಡಿಗೆಯ ಪುಸ್ತಕವನ್ನು ನೋಡಿಯೂ ಮಾಡಿದೆವು. ಉಪ್ಪು, ಹುಳಿ, ಖಾರ ಎಲ್ಲವೂ ಇದ್ದುವು. ಸಾರು ಮಾತ್ರ ಬರಲಿಲ್ಲ. ಸೊಸೆಯು ಪಟ್ಟ ಪ್ರಯತ್ನದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆಕೆ ಕಚೇರಿಗೆ ಹೋಗಿ ಬಂದು ಒಲೆಯ ಮುಂದೆ ನಿಂತು, ರುಚಿ ನೋಡಿ, ನಮ್ಮ ಮುಖವನ್ನು ನೋಡುತ್ತಿದ್ದಳು. ನಾವು "ಚೆನ್ನಾಗಿದೆಯಮ್ಮ" ಎನ್ನುತ್ತಿದ್ದೆವು. ಅದು ಸುಳ್ಳೆಂದು ಇಬ್ಬರಿಗೂ ತಿಳಿದಿತ್ತು. ಮೂವತ್ತನಾಲ್ಕು ವರುಷ ಆ ಸಾರನ್ನು ಉಂಡವರು ನಾವು. ಉಪ್ಪು ಒಂದು ಕಲ್ಲು ಹೆಚ್ಚಾದ ದಿನ ಮಾತ್ರ ಅದರ ವಿಷಯವಾಗಿ ಬಾಯಿ ತೆರೆದವರು. ಇದು ನಾಚಿಕೆಯ ಸಂಗತಿಯೇ ಸರಿ. ಗೃಹಸ್ಥರಾದ ವಾಚಕರಲ್ಲಿ ಅನೇಕರು ನಮ್ಮ ಪಂಕ್ತಿಯಲ್ಲಿಯೇ ಕುಳಿತವರಿರಬಹುದು.

ಆಕೆಯ ತವರು ತಿರುಮಕೂಡಲು ನರಸೀಪುರ. ಆಕೆಯ ಅಕ್ಕ ಈಗಲೂ ಅಲ್ಲಿಯೇ ಇರುತ್ತಾರೆ. ಅಲ್ಲಿಗೆ ಹೋಗಿ ಕೇಳಿಬರುವುದೆಂದು ನಿಶ್ಚಯಿಸಿದೆವು. ಮೈಸೂರಿನಿಂದ ನೇರವಾಗಿಯೂ ಹೋಗಬಹುದಾಗಿತ್ತು. ಆದರೆ ನಂಜನಗೂಡಿನಲ್ಲಿ ನಮ್ಮ ಸೋದರತ್ತೆಯಿದ್ದಾರೆ, ಎಂಬತ್ತಾರು ವರುಷದವರು, ನೋಡಿ ಬಹಳ ದಿನಗಳಾಗಿದ್ದುವು. ಕಪಿಲೆಯೂ ನಂಜನಗೂಡನ್ನು ಮುಟ್ಟಿಕೊಂಡೇ ನರಸೀಪುರಕ್ಕೆ ಹೋಗುವಳಲ್ಲವೆ? ಆ ದಾರಿಯನ್ನೇ ಹಿಡಿದೆವು.

ಮೈಸೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಊರು ಹತ್ತಿರವಾದಾಗ 1735ರಲ್ಲಿ ಕಟ್ಟಿದ್ದೆಂದು ಹೇಳುವ ಹಳೆಯ ಕಲ್ಲಿನ ಸೇತುವೆಯು ಕಾಣುವುದು. ಒಂದು ಕಾಲದಲ್ಲಿ ರೈಲನ್ನೂ ಗಾಡಿಗಳನ್ನೂ ಒಟ್ಟಿಗೆ ಹೊತ್ತಿದ್ದ ಸೇತುವೆಯದು, ಈಗ ವಿಶ್ರಾಂತಿಯಲ್ಲಿದೆ. ನಮ್ಮ ಬಾಲ್ಯದಲ್ಲಿ ನಂಜನಗೂಡೆಂದರೆ ಮೂರು ವಸ್ತುಗಳು: ಶ್ರೀಕಂಠೇಶ್ವರನ ಗೋಪುರ, ರಸಬಾಳೆಯ ಹಣ್ಣು, ಮತ್ತು ಬೆಳಗಾದರೆ ಅಂಗೈಗೆ ಬೀಳುತ್ತಿದ್ದ ನಂಜನಗೂಡಿನ ಹಲ್ಲುಪುಡಿ. ಅದನ್ನು ಮಾಡಿದ ಸದ್ವೈದ್ಯಶಾಲೆಯು 1913ರಲ್ಲಿ ಇಲ್ಲಿ ಹುಟ್ಟಿದ್ದು. ನಂಜನ್ನು ಉಂಡ ದೇವರ ಊರಿನಲ್ಲಿ ಔಷಧಾಲಯವು ಹುಟ್ಟಿದುದು ಉಚಿತವೇ. ಟಿಪ್ಪು ಸುಲ್ತಾನನು ತನ್ನ ಪಟ್ಟದಾನೆಯ ಕಣ್ಣು ಗುಣವಾಯಿತೆಂದು ಈ ಸ್ವಾಮಿಯನ್ನು ಹಕೀಂ ನಂಜುಂಡನೆಂದು ಕರೆದು, ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂಬ ಕಥೆಯನ್ನು ಊರಿನ ಪ್ರತಿಯೊಬ್ಬರೂ ಹೇಳುವರು.

ದರ್ಶನ ಮುಗಿಸಿಕೊಂಡು ಅತ್ತೆಯ ಮನೆಗೆ ಹೋದಾಗ ಹನ್ನೊಂದು ಗಂಟೆ. ಅವರು ನಮ್ಮನ್ನು ಗುರುತಿಸಿ, "ಮಗು, ಇಷ್ಟು ಬಡವಾಗಿದ್ದೀಯಲ್ಲೋ" ಎಂದರು. ಅರುವತ್ತರ ಮನುಷ್ಯನನ್ನು ಮಗುವೆಂದು ಕರೆಯುವವರು ಇನ್ನು ಅವರೊಬ್ಬರೇ. ಅಡಿಗೆಗೆ ಮೊಮ್ಮಗಳಿದ್ದರೂ ಸಾರಿನ ಪಾತ್ರೆಯನ್ನು ಆಕೆಯ ಕೈಗೆ ಬಿಟ್ಟುಕೊಡಲಿಲ್ಲ. ಅಂದು ಮೆಣಸಿನ ಸಾರು. ಹುಣಸೆಯ ರಸವು ಹಸಿ ವಾಸನೆ ಹೋಗುವವರೆಗೆ ಚೆನ್ನಾಗಿ ಕುದಿಯಿತು. ಆ ಮೇಲೆ ಕುಟ್ಟಿದ ಮೆಣಸು, ಜೀರಿಗೆ, ಬೆರಳ ತುದಿಯಲ್ಲಿ ಒಣಶುಂಠಿಯ ಪುಡಿ, ಬೇಳೆಯ ಕಟ್ಟು. ಅಂಚಿನಲ್ಲಿ ನೊರೆಯು ಏಳುತ್ತಿದ್ದಂತೆಯೇ ಅತ್ತೆ ಒಲೆಯನ್ನು ಆರಿಸಿಬಿಟ್ಟರು. "ಇನ್ನೂ ಕುದಿಯಬೇಡವೆ?" ಎಂದೆವು.

"ಕುದಿಸಿದರೆ ಸಾರಿನ ಸಾರವೆಲ್ಲ ಸೂರಿಗೆ ಹೋಗುತ್ತೆ, ಮಗು. ಉಣ್ಣೋರು ಕೆಳಗೆ ಕೂತಿರೋದು, ಸೂರಿನಲ್ಲಲ್ಲ."

ಈ ಮಾತಿನಲ್ಲಿ ಶಾಸ್ತ್ರವೂ ಇದೆ. ಸಂಬಾರಗಳ ಸುವಾಸನೆಯು ಹಗುರವಾದ ಎಣ್ಣೆಗಳಲ್ಲಿರುವುದು. ನೀರು ಮರಳಿದಷ್ಟೂ ಅವು ಆವಿಯೊಡನೆ ಹಾರಿಹೋಗುವುವು. ಅಡಿಗೆಮನೆಯೆಲ್ಲ ಘಮಘಮಿಸುತ್ತಿದ್ದರೆ ಹಿಗ್ಗುತ್ತೇವೆ. ವಾಸ್ತವವಾಗಿ ಅಷ್ಟು ಘಮವು ಪಾತ್ರೆಯಿಂದ ನಷ್ಟವಾಯಿತೆಂದು ತಿಳಿಯಬೇಕು. ಆ ಎಣ್ಣೆಗಳು ನೀರಿನಲ್ಲಿ ಬೆರೆಯುವುದು ಅಲ್ಪ, ತುಪ್ಪದಲ್ಲಿ ಬೆರೆಯುವುದು ಬಹಳ. ಆದ್ದರಿಂದಲೇ ಒಗ್ಗರಣೆಯೆಂಬುದು ಬಂದದ್ದು. ಕಾದ ತುಪ್ಪದಲ್ಲಿ ಸಾಸಿವೆಯೊಳಗಿನ ತೇವವು ಆವಿಯಾಗಿ ಸಿಪ್ಪೆಯನ್ನು ಸಿಡಿಸುವುದು. ಸಾಸಿವೆಯು ಸಿಡಿದರೆ ತುಪ್ಪದ ಹದವು ಸರಿಯೆಂದು ತಿಳಿಯುವುದು. ಆಗ ಇಂಗು, ಕರಿಬೇವು. ಅತ್ತೆಯು ಒಗ್ಗರಣೆಯನ್ನು ಸಾರಿಗೆ ಸುರಿದೊಡನೆ ಸೌಟನ್ನೂ ಒಳಗಿಟ್ಟು ತಟ್ಟೆ ಮುಚ್ಚಿದರು. ಎಲೆ ಹಾಕುವವರೆಗೆ ಯಾರಿಗೂ ಅದನ್ನು ತೆರೆಯುವ ಅಧಿಕಾರವಿರಲಿಲ್ಲ.

ಮೊದಲ ತುತ್ತಿಗೆ ನಾವು ಬೆಚ್ಚಿದೆವು. ನಮ್ಮ ಮನೆಯ ಸಾರು ಇದಲ್ಲ. ಆದರೆ ಅದರ ಯಾವುದೋ ಒಂದು ಅಂಶವು ಇದರಲ್ಲಿದೆ! ಶುಂಠಿಯೇಕೆಂದು ಕೇಳಿದೆವು. ಅತ್ತೆ ನಕ್ಕರು. ನಂಜುಂಡನಿಗೆ ಶುಂಠಿ, ಸಕ್ಕರೆ, ಬೆಣ್ಣೆಗಳನ್ನು ಕಲಸಿ ನೈವೇದ್ಯ ಮಾಡುವ ಪದ್ಧತಿಯುಂಟು. ವಿಷವನ್ನು ಉಂಡ ಕಂಠಕ್ಕೆ ಉಪಶಮನವೆಂದು ಅದರ ಭಾವ. "ಅವನಿಗೇ ಶುಂಠಿ ಬೇಕಾಯಿತು. ನಮ್ಮ ನಿಮ್ಮ ಹೊಟ್ಟೆ ಯಾವ ಲೆಕ್ಕ? ಇದನ್ನೆಲ್ಲ ನಿನ್ನ ಹೆಂಡತಿಗೆ ಒಂದು ಸಲ ಹೇಳಿದ್ದೆನಲ್ಲೋ" ಎಂದರು. ಮುಪ್ಪಿನವರ ಮಾತೆಂದು ನಾವು ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. ನಾವು ಹುಡುಕುತ್ತಿದ್ದುದು ನರಸೀಪುರದ ಪುಡಿಯನ್ನಷ್ಟೆ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಒಂದು ಮಾತು. ಮೆಣಸಿನ ಸಾರೇ ನಮ್ಮ ನಾಡಿನ ಹಿರಿಯ ಸಾರು. ಇದೇ ಮೈಸೂರು ಸೀಮೆಯ ಕಲ್ಲಹಳ್ಳಿಯವನಾದ ಮೂರನೆಯ ಮಂಗರಸನು 1508ರ ಸುಮಾರಿನಲ್ಲಿದ್ದವನು; ಸೂಪಶಾಸ್ತ್ರವೆಂಬ ಅಡಿಗೆಯ ಗ್ರಂಥವನ್ನು ಷಟ್ಪದಿಯಲ್ಲಿ ಬರೆದನು. ಬದನೆ, ಹಲಸು, ಬಾಳೆಗಳ ಪಾಕಗಳಿಗೆ ಅದರಲ್ಲಿ ವಿಶೇಷ ಸ್ಥಾನವಿದೆ. ಒಣಮೆಣಸಿನಕಾಯಿಗೆ ಮಾತ್ರ ಇಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದು ನಮ್ಮ ಒಳನಾಡಿನ ಅಡಿಗೆಮನೆಗಳಿಗೆ ಹರಡಿದ್ದು ಆ ಮೇಲೆ. ಖಾರಕ್ಕೆ ಆಗ ಮೆಣಸೇ. ಹೊಸದಾಗಿ ಬಂದ ಕಾಯಿಗೆ ಜನರು ಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿಯೆಂದರು. ಬಂದ ಅತಿಥಿಯು ಮನೆಯನ್ನೇ ಆಕ್ರಮಿಸಿಕೊಂಡ ಸಂಗತಿಯಿದು. ಒಂದು ಊಟದಲ್ಲಿ ಮೂರು ಬಗೆಯಾಗಿ ಮೆಣಸಿನಕಾಯಿಯನ್ನು ತಿಂದು ಹೊಟ್ಟೆಯುರಿಗೆ ಗುಳಿಗೆಯನ್ನು ನುಂಗುವ ಈಗಿನ ಪದ್ಧತಿಯನ್ನು ನಾವು ಮೆಚ್ಚಲಾರೆವು.

ಸಾಯಂಕಾಲ ದೇವರಸನಹಳ್ಳಿಯ ಕಡೆಗೆ ಹೋದೆವು. ನಮ್ಮ ಹಳೆಯ ಶಿಷ್ಯನೊಬ್ಬನು ಅಲ್ಲಿ ಬೇಸಾಯಗಾರ. ಶಬ್ದರೂಪಗಳು ಅವನ ತಲೆಗೆ ಎಂದೂ ಹತ್ತಲಿಲ್ಲ. ನಮ್ಮಿಂದ ಏಟುಗಳನ್ನು ತಿಂದವನು. ಈಗ ರಸಬಾಳೆಯ ಸಣ್ಣ ತೋಟವೊಂದನ್ನು ಮಗುವಿನಂತೆ ಸಾಕುತ್ತಿದ್ದಾನೆ. ಮಗುವಿನಂತೆ ಎಂಬುದು ಅಲಂಕಾರದ ಮಾತಲ್ಲ. ಈ ಬಾಳೆಗೆ ಪನಾಮಾ ಸೊರಗು ರೋಗವೆಂಬ ಶತ್ರುವುಂಟು. ಮಣ್ಣಿನೊಳಗಿನ ಶಿಲೀಂಧ್ರವೊಂದು ಬೇರಿನ ಮೂಲಕ ಒಳಹೊಕ್ಕು, ನೀರೇರುವ ನಾಳಗಳನ್ನು ಕಟ್ಟುವುದು. ಎಲೆಗಳು ಹಳದಿಯಾಗಿ ಜೋತು ಗಿಡವು ಸಾಯುವುದು. ಒಮ್ಮೆ ಬಂದ ನೆಲದಲ್ಲಿ ಅದು ಹತ್ತಾರು ವರುಷ ಉಳಿಯುವುದರಿಂದ ಅಲ್ಲಿಯೇ ಮತ್ತೆ ನೆಡುವ ಹಾಗಿಲ್ಲ. ಗ್ರೋ ಮಿಶೆಲ್ ಎಂಬ ಬಾಳೆಯು ಒಂದು ಕಾಲಕ್ಕೆ ಮಧ್ಯ ಅಮೆರಿಕದಿಂದ ಲೋಕವನ್ನೆಲ್ಲ ಸುತ್ತುತ್ತಿತ್ತು. ಅದನ್ನು 1960ರ ವೇಳೆಗೆ ಪೇಟೆಯಿಂದ ಓಡಿಸಿದುದೂ ಇದೇ ರೋಗ. ರಸಬಾಳೆಯ ತೋಟಗಳೂ ಹೀಗೆಯೇ ಕುಗ್ಗುತ್ತ ಬಂದುವು. 2005-06ರಲ್ಲಿ ನಂಜನಗೂಡಿನ ಹೆಸರಿನಲ್ಲಿಯೇ ಇದಕ್ಕೆ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆಯಿತು. ಅಂಗಾಂಶ ಕೃಷಿಯ ಸಸಿಗಳಿಂದ ತಳಿಯನ್ನು ಹೆಚ್ಚಿಸುವ ಯತ್ನಗಳೂ ನಡೆದಿವೆ. ಶಿಷ್ಯನು ಹಳೆಯ ನೆಲವನ್ನು ಬಿಟ್ಟು ಬೇರೆ ಹೊಲದಲ್ಲಿ ನೆಟ್ಟಿದ್ದನು. "ಯಾವತ್ತು ಯಾವ ಗಿಡ ಹಳದಿ ಬರ್ತದೋ ಅಂತ ಬೆಳಿಗ್ಗೆ ಎದ್ದು ಎಲೆ ನೋಡೋದೇ ಆಗೋಯ್ತು, ಮೇಷ್ಟ್ರೇ" ಎಂದನು.

ಕತ್ತಲಾಯಿತು, ಊಟಕ್ಕೆ ನಿಲ್ಲಬೇಕೆಂದು ಅವನ ತಾಯಿಯು ಬಲವಂತ ಮಾಡಿದರು. ನಮ್ಮ ತಂದೆಯವರ ಕಾಲವಾಗಿದ್ದರೆ ನೀರನ್ನೂ ಮುಟ್ಟದೆ ಬರಬೇಕಾಗಿದ್ದಿತು. ಆ ಕಾಲವು ಹೋದುದಕ್ಕೆ ನಮಗೆ ಖೇದವಿಲ್ಲ. ರಾಗಿಯ ಮುದ್ದೆ, ಉಪ್ಪುಸಾರು. ಈ ಉಪ್ಪುಸಾರಿನ ಮಿತವ್ಯಯವನ್ನು ನೋಡಿ ನಾವು ಬೆರಗಾದೆವು. ತೊಗರಿಬೇಳೆಯೊಡನೆ ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ, ನೀರನ್ನು ಬಸಿದರೆ ಆ ನೀರೇ ಸಾರು. ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ವ್ಯಂಜನ. ರುಚಿಯೆಲ್ಲ ಪಕ್ಕದಲ್ಲಿ ಬಡಿಸುವ ಖಾರದಲ್ಲಿದೆ: ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಚೂರು ಹುಣಸೆ, ಉಪ್ಪು, ಇವನ್ನು ಒರಳುಕಲ್ಲಿನಲ್ಲಿ ಅರೆದ ಒಂದು ಗುಂಡು. ಉಣ್ಣುವವನು ತನಗೆ ಬೇಕಾದಷ್ಟನ್ನು ಸಾರಿನಲ್ಲಿ ಕದಡಿಕೊಳ್ಳುವನು. ಮನೆಯ ಮುದುಕಿಗೂ ಮಗುವಿಗೂ ಉಳುವವನಿಗೂ ಒಂದೇ ಸಾರು, ಖಾರ ಮಾತ್ರ ಅವರವರ ಶಕ್ತಿಯಂತೆ. ಇದಕ್ಕಿಂತ ಹೆಚ್ಚಿನ ಪಾಕವಿವೇಕವನ್ನು ಯಾವ ಗ್ರಂಥದಲ್ಲಿಯೂ ನಾವು ಕಂಡಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ಶಿಷ್ಯನು ನಮಗೆ ಕಲಿಸಿದನು. ಎರಡು ಸಲ ತಪ್ಪಿದೆವು, ಅವನು ಹೊಡೆಯಲಿಲ್ಲ.

ಕೊನೆಯಲ್ಲಿ ಹಣ್ಣು. ತೆಳುವಾದ ಸಿಪ್ಪೆ, ಬೆಣ್ಣೆಯಂತಹ ತಿರುಳು, ಹುಳಿಯ ಲೇಶವನ್ನು ಒಳಗಿಟ್ಟುಕೊಂಡ ಸಿಹಿ. ನಮ್ಮ ಮನೆಗಳಲ್ಲಿ ಇದನ್ನು ಹೆಚ್ಚಿ, ಬೆಲ್ಲ, ಕಾಯಿಹಾಲು, ಏಲಕ್ಕಿಗಳಿಂದ ರಸಾಯನ ಮಾಡುವೆವು. ಆ ತಾಯಿಯು, "ಹಣ್ಣು ಸರಿಯಾಗಿದ್ರೆ ಬೆಲ್ಲ ಯಾಕೆ ಸ್ವಾಮಿ?" ಎಂದರು. ನಾವು ಬೆಲ್ಲವನ್ನು ಬಿಟ್ಟೇ ತಿಂದೆವು.

ಮರುದಿನ ಸುತ್ತೂರನ್ನು ಬಳಸಿ ನರಸೀಪುರಕ್ಕೆ ಹೋದೆವು. ಸುತ್ತೂರಿನ ಮಠದ ದಾಸೋಹವನ್ನೂ ಅಲ್ಲಿಯ ಜಾತ್ರೆಯಲ್ಲಿ ಲಕ್ಷಾಂತರ ಜನರಿಗೆ ಅನ್ನವಿಕ್ಕುವ ಬಗೆಯನ್ನೂ ಬರೆಯಹೊರಟರೆ ಅದೇ ಒಂದು ಲೇಖನವಾದೀತು, ಇಂದು ಬೇಡ.

ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಸೇರುವಳು. ಗುಪ್ತವಾದ ಸ್ಫಟಿಕ ಸರೋವರವೂ ಕೂಡುವುದೆಂದು ನಂಬಿ ತ್ರಿವೇಣಿಯೆನ್ನುವರು. 1989ರಿಂದ ಮೂರು ವರುಷಕ್ಕೊಮ್ಮೆ ಇಲ್ಲಿ ಕುಂಭಮೇಳವು ನಡೆಯುತ್ತ ಬಂದಿದೆ. ಊರಿನ ಸ್ವಾಮಿ ಗುಂಜಾ ನರಸಿಂಹ. ಸ್ವಾಮಿಯು ಕೈಯಲ್ಲಿ ಗುಲಗಂಜಿಯನ್ನು ಹಿಡಿದಿರುವನೆಂದೂ, ಕಾಶಿಗಿಂತ ಈ ಕ್ಷೇತ್ರದ ಮಹಿಮೆಯು ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂದೂ ಪ್ರತೀತಿ. ಅಕ್ಕಸಾಲಿಗರು ಚಿನ್ನವನ್ನು ತೂಗುತ್ತಿದ್ದ ಬೀಜವದು. ಒಂದು ಗ್ರಾಮಿನ ಎಂಟನೆಯ ಒಂದು ಪಾಲಿನಷ್ಟು ಭಾರ. ಹೆಚ್ಚೆಂದು ಹೇಳಿಕೊಳ್ಳುವಾಗಲೂ ಇಷ್ಟು ಸಂಕೋಚವುಳ್ಳ ಊರು ಬೇರೊಂದು ಇರಲಾರದು.

ಅಕ್ಕನವರು ನಮ್ಮ ಪ್ರಶ್ನೆಯನ್ನು ಕೇಳಿ ಒಂದು ಕ್ಷಣ ಸುಮ್ಮನಿದ್ದರು. "ನೀವು ಕೇಳ್ತಿದ್ದೀರಲ್ಲ, ಅದೇ ಆಶ್ಚರ್ಯ" ಎಂದರು. ಆ ಮೇಲೆ ಒಳಗೆ ಕರೆದುಕೊಂಡು ಹೋಗಿ ತಮ್ಮ ತಾಯಿಯ ಪುಡಿಯ ಲೆಕ್ಕವನ್ನು ಹೇಳಿದರು. ಕೊತ್ತಂಬರಿ ಬೀಜ 200 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ ಅದಕ್ಕೆ ಸಮ, ಜೀರಿಗೆ 50, ಮೆಣಸು 20, ಮೆಂತ್ಯ 15, ಸಾಸಿವೆ 15, ಒಂದು ಹಿಡಿ ಕರಿಬೇವು, ಇಂಗು, ಅರಿಸಿನ. ಎಲ್ಲವನ್ನೂ ಬಾಣಲೆಗೆ ಒಟ್ಟಿಗೆ ಸುರಿಯಕೂಡದು. ಕೊತ್ತಂಬರಿಗೆ ಬೇಕಾದ ಹೊತ್ತು ಬೇರೆ, ಮೆಂತ್ಯಕ್ಕೆ ಬೇರೆ. ಮೆಂತ್ಯವು ಕೆಂಪಾದರೆ ಪರಿಮಳ, ಕಪ್ಪಾದರೆ ಡಬ್ಬಿಯೆಲ್ಲ ಕಹಿ. ಒಂದೊಂದನ್ನೇ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡತಕ್ಕದ್ದು. ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿದರೆ ಒಳಗೆ ಬೆವರಿ ಪುಡಿಯು ಗಂಟು ಕಟ್ಟುವುದು. ಸೊಸೆಯೂ ನಾವೂ ಈ ತಪ್ಪುಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಅಕ್ಕನವರು ಆ ಪುಡಿಯಿಂದಲೇ ತಿಳಿಸಾರು ಮಾಡಿ ಬಡಿಸಿದರು. ಬೆಲ್ಲದ ಚೂರು, ನೊರೆ ಬಂದೊಡನೆ ಇಳಿಸುವುದು, ತುಪ್ಪದ ಒಗ್ಗರಣೆ, ತಟ್ಟೆ ಮುಚ್ಚುವುದು, ಎಲ್ಲವೂ ಕ್ರಮವಾಗಿಯೇ ನಡೆದುವು. ಸಾರು ಬಹಳ ಚೆನ್ನಾಗಿತ್ತು. ಆದರೆ ಇದೂ ನಮ್ಮ ಮನೆಯ ಸಾರಲ್ಲ! ಇಷ್ಟು ದೂರ ಬಂದು ಇದನ್ನು ಹೇಳುವುದು ಹೇಗೆಂದು ಎಲೆಯನ್ನು ನೋಡುತ್ತ ಕುಳಿತೆವು. ಅಕ್ಕನವರೇ ಕೇಳಿದರು.

"ಖಾರ ಹೆಚ್ಚಾಯಿತೇನೋ?"

"ಖಾರವಲ್ಲ. ನಮ್ಮ ಮನೆಯದು ಹೀಗಿರಲಿಲ್ಲ."

"ಹೇಗಿರುತ್ತೆ? ಅವಳು ನಮ್ಮ ಪುಡಿ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತಲ್ಲ. ನಿಮಗೆ ಹೊಟ್ಟೆಯ ಹುಣ್ಣಾಗಿತ್ತು ನೋಡಿ, ಆ ವರ್ಷ. ಡಾಕ್ಟರು ಖಾರ ಬಿಡಿ ಅಂದರು, ನೀವು ಸಾರು ಬಿಡೋದಿಲ್ಲ ಅಂದಿರಂತೆ. ಮೆಣಸಿನಕಾಯಿ ಅರ್ಧಕ್ಕಿಳಿಸಿದಳು. ಸಪ್ಪೆಯಾಗುತ್ತೆ ಅಂತ ನಂಜನಗೂಡಿನ ನಿಮ್ಮ ಅತ್ತೆಯವರನ್ನ ಕೇಳಿಕೊಂಡು ಬಂದು ಜೀರಿಗೆ, ಶುಂಠಿ ಹಾಕೋದಕ್ಕೆ ಶುರು ಮಾಡಿದಳು. ಹದ ಸಿಕ್ಕೋದಕ್ಕೆ ಮೂರು ತಿಂಗಳಾಯಿತು ಅಂತ ನನಗೆ ಹೇಳಿದ್ದಳು. ನಿಮಗೆ ಹೇಳಲಿಲ್ಲವೆ?"

ಹೇಳಿರಲಿಲ್ಲ. ಆದರೆ ಆ ವರುಷ "ಸಾರು ಏಕೋ ಸಪ್ಪೆ" ಎಂದು ನಾವು ಎರಡು ಮೂರು ಸಲ ಪಂಕ್ತಿಯಲ್ಲಿ ಹೇಳಿದ್ದುದು ನೆನಪಿಗೆ ಬಂದಿತು. ಒಮ್ಮೆ ತಟ್ಟೆಯನ್ನು ಸರಿಸಿ ಎದ್ದಿದ್ದೆವು. ಆಕೆಯು ಏನನ್ನೂ ಆಡದೆ ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದುದೂ ನೆನಪಾಯಿತು. ನಾವು ಮಜ್ಜಿಗೆಯನ್ನು ಬೇಡವೆಂದೆವು. ಅಕ್ಕನವರು ಬಲವಂತ ಮಾಡಲಿಲ್ಲ.

ಮುಂಜಾನೆ ಸಂಗಮದಲ್ಲಿ ಸ್ನಾನ ಮಾಡಿದೆವು. ಹೊಳೆಯಾಚೆ ತಿರುಮಕೂಡಲಿನ ಅಗಸ್ತ್ಯೇಶ್ವರನ ಗಂಟೆಯು ಕೇಳಿಸುತ್ತಿದ್ದಿತು. ನೀರು ತಣ್ಣಗಿದ್ದುದರಿಂದ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಹೊರಡುವಾಗ ಅಕ್ಕನವರು ಹೊಸ ಲೆಕ್ಕವನ್ನು, ತಂಗಿಯು ಹೇಳಿದ್ದುದನ್ನು ನೆನಪು ಮಾಡಿಕೊಂಡು, ಒಂದು ಚೀಟಿಯಲ್ಲಿ ಬರೆಸಿದರು. ಕೊತ್ತಂಬರಿ 200, ಬ್ಯಾಡಗಿ 100, ಜೀರಿಗೆ 70, ಮೆಣಸು 20, ಮೆಂತ್ಯ, ಸಾಸಿವೆ, ಕರಿಬೇವು ಮೊದಲಿನಂತೆಯೇ. ಶುಂಠಿಯನ್ನು ಪುಡಿಯಲ್ಲಿ ಸೇರಿಸದೆ, ಸಾರು ಇಳಿಸುವ ಮುನ್ನ ಹಾಕಬೇಕು. ಎಷ್ಟೆಂದು ಕೇಳಿದೆವು. "ನಾಲ್ಕು ಜನಕ್ಕೆ ನಾಲ್ಕು ಗುಲಗಂಜಿ ತೂಕ. ಐದಾದರೆ ಕಷಾಯ" ಎಂದರು.

ಮೈಸೂರಿಗೆ ಬಂದ ಭಾನುವಾರ ಸೊಸೆಯು ಹುರಿದಳು, ನಾವು ಪಕ್ಕದಲ್ಲಿ ನಿಂತು ಚೀಟಿಯನ್ನು ಓದಿದೆವು. ಮಗನು ಮೆಂತ್ಯದ ಬಣ್ಣದ ವಿಷಯವಾಗಿ ಸಲಹೆ ಕೊಡಲು ಬಂದು ಹೊರಗೆ ಕಳುಹಿಸಲ್ಪಟ್ಟನು. ಸಾರು ನೊರೆಯೆದ್ದಿತು, ಇಳಿಸಿದೆವು, ಒಗ್ಗರಣೆ ಹಾಕಿ ಮುಚ್ಚಿದೆವು. ಹತ್ತು ನಿಮಿಷದ ಮೇಲೆ ಸೊಸೆಯು ಒಂದು ಸೌಟನ್ನು ಬಟ್ಟಲಿಗೆ ಬಗ್ಗಿಸಿ, ಕುಡಿದು, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತಳು.

"ಅತ್ತೆಯವರದಕ್ಕೆ ಬೆಲ್ಲ ಇನ್ನೊಂದು ಚೂರು ಹೆಚ್ಚು, ಮಾವ" ಎಂದಳು.

ಡಬ್ಬಿಯಿಂದ ಬೆಲ್ಲವನ್ನು ತೆಗೆದು ನಾವೇ ಹಾಕಿದೆವು.